ಸದಸ್ಯಳಲ್ಲದವಳ ಓದು

ನಿವೃತ್ತಿಯಾದ ಎರಡನೇ ವರ್ಷ, ಒಂದು ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಭದ್ರಾವತಿಯಿಂದ ನನ್ನ ಗೆಳತಿ ಫೋನ್ ಮಾಡಿದಳು. ಅಲ್ಲಿನ ಹೈಸ್ಕೂಲೊಂದರಲ್ಲಿ ನಾನು ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದೆ, ಅವಳು ಗಣಿತ. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಕುರ್ಚಿಗಳು ಪಕ್ಕಪಕ್ಕದಲ್ಲೇ ಇದ್ದವು. ಅವಳು ಕ್ರೈಸ್ತರವಳು, ನಾನು ಲಿಂಗಾಯತರವಳು. ಹಬ್ಬಕ್ಕೆ ತಿಂಡಿ ಡಬ್ಬಿ ಕೊಟ್ಟು ತೆಗೆದುಕೊಳ್ಳುವಾಗ ಬಿಟ್ಟರೆ ಬೇರೆ ಹೊತ್ತಿನಲ್ಲಿ ಅದು ನಮಗೆ ನೆನಪಾಗುತ್ತಿರಲಿಲ್ಲ.

"ಶನಿವಾರ ನಿನಗೇನು ಕೆಲಸ ಮಾರಾಯ್ತಿ? ಟಿವಿ ಮುಂದೆ ಕೂತಿರ್ತೀಯ ತಾನೆ? ಬಂದು ನಮ್ಮ ಚರ್ಚಿನವರಿಗೆ ಕನ್ನಡ ಓದೋದು ಹೇಳಿಕೊಡು" ಎಂದಳು.

ವಿಷಯ ಇಷ್ಟು. ಅವರ ಚರ್ಚಿನಲ್ಲಿ ಪ್ರತಿ ಭಾನುವಾರದ ಆರಾಧನೆಯಲ್ಲಿ ಸಭೆಯವರೊಬ್ಬರು ಎದ್ದು ಮುಂದಿನ ಪೀಠಕ್ಕೆ ಹೋಗಿ ಆ ದಿನದ ವೇದಪಾಠ, ಅಂದರೆ ಬೈಬಲಿನ ಒಂದು ಭಾಗ, ಓದಬೇಕು. ಮೊದಲು ಓದುತ್ತಿದ್ದ ಹಿರಿಯರಿಗೆ ಕಣ್ಣು ಸಾಲದು. ಎಳೆಯರೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಕೆಲವರ ಮನೆಮಾತು ತಮಿಳು, ಕೆಲವರದು ತೆಲುಗು. ಕಾರ್ಖಾನೆಯ ಕೆಲಸಕ್ಕೆಂದು ಅಜ್ಜಂದಿರ ಕಾಲದಲ್ಲಿ ಬಂದು ನಿಂತ ಕುಟುಂಬಗಳು. ಮಾತಾಡಲು ಕನ್ನಡ ಸಲೀಸು, ಓದಲು ಕೂತರೆ ಕಲ್ಲು ಒಡೆದ ಹಾಗೆ. ಪಾದ್ರಿಗಳೇ ಬೇಸತ್ತು, ಯಾರಾದರೂ ಮೇಷ್ಟರು ಸಿಕ್ಕರೆ ನೋಡಿ ಎಂದಿದ್ದರಂತೆ.

ನಾನು ಯೋಚನೆ ಮಾಡಲೇ ಇಲ್ಲ, ಒಪ್ಪಿಕೊಂಡೆ. ನಮ್ಮ ಮನೆ ಶಿವಮೊಗ್ಗದ ಸವಳಂಗ ರಸ್ತೆಯ ಒಳಗಿನ ಒಂದು ಅಡ್ಡರಸ್ತೆಯಲ್ಲಿ. ಶನಿವಾರ ಎರಡು ಗಂಟೆಗೆ ಹೊರಟು ಬಸ್ಸು ಹಿಡಿದರೆ ಮೂರಕ್ಕೆ ಭದ್ರಾವತಿಯ ಚರ್ಚಿನ ಪಕ್ಕದ ಸಣ್ಣ ಹಾಲಿನಲ್ಲಿ ಇರುತ್ತಿದ್ದೆ. ನಮ್ಮ ಮನೆಯವರು, ಬ್ಯಾಂಕಿನಿಂದ ನಿವೃತ್ತರಾದವರು, "ಹೋಗಿ ಬಾ, ನಿನಗೂ ಗಂಟಲು ತುರಿಸ್ತಿರುತ್ತೆ" ಎಂದು ನಕ್ಕರು.

ಮೊದಲ ದಿನ ಎಂಟು ಜನ ಬಂದಿದ್ದರು. ಆಸ್ಪತ್ರೆಯಲ್ಲಿ ಲ್ಯಾಬ್ ಕೆಲಸ ಮಾಡುವ ಒಬ್ಬ ಹುಡುಗಿ, ಮೊಬೈಲ್ ಅಂಗಡಿಯ ಒಬ್ಬ, ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಇಬ್ಬರು, ಹೀಗೆ. ಅವರ ಹಿಂದೆ, ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ, ಬಿಳಿ ಸೀರೆಯ ಒಬ್ಬ ಅಜ್ಜಿ ಕೂತಿದ್ದರು. ಯಾರದೋ ಮೊಮ್ಮಗುವನ್ನು ಕರೆದುಕೊಂಡು ಬಂದಿರಬೇಕು ಎಂದುಕೊಂಡೆ. ತರಗತಿ ಮುಗಿದ ಮೇಲೆ ಅವರು ಹತ್ತಿರ ಬಂದು, "ಟೀಚರಮ್ಮ, ನನಗೆ ಅಕ್ಷರಾನೇ ಬರಲ್ಲ. ನನಗೂ ಹೇಳಿಕೊಡ್ತೀರಾ?" ಎಂದು ಕೇಳಿದರು.

ನರ್ಸಿಂಗ್ ಹೋಮೊಂದರಲ್ಲಿ ನಲವತ್ತು ವರ್ಷ ಆಯಾ ಆಗಿದ್ದವರು. ಈಗ ಒಬ್ಬರೇ ಇರುತ್ತಿದ್ದರು. ಕೈ ತುಂಬ ಸ್ವಚ್ಛ, ಉಗುರು ಕತ್ತರಿಸಿ ಕತ್ತರಿಸಿ ಬೆರಳ ತುದಿ ಚಪ್ಪಟೆಯಾಗಿತ್ತು. ಸಾಯುವುದರೊಳಗೆ ಒಂದು ಭಾನುವಾರ ಪೀಠದಲ್ಲಿ ನಿಂತು ಒಂದು ಪಾಠ ಓದಬೇಕು, ಅದೊಂದೇ ಆಸೆ ಎಂದರು.

ಹಾಗಾಗಿ ಉಳಿದವರು ಹೋದ ಮೇಲೆ ಅರ್ಧ ಗಂಟೆ ಅವರಿಗೆಂದೇ ಕೂರುತ್ತಿದ್ದೆ. ಎರಡು ಗೆರೆಯ ಕಾಪಿ ಪುಸ್ತಕ ಕೊಂಡುಕೊಟ್ಟೆ. ವಾರದಲ್ಲಿ ನಾನು ಒಂದು ಪುಟ ಹೇಳಿದರೆ ಅವರು ಆರು ಪುಟ ತಿದ್ದಿ ತರುತ್ತಿದ್ದರು. 'ಮ' ಬರೆಯುವಾಗ ಬಾಲವನ್ನು ಮೇಲಕ್ಕೆ ಎಳೆದು ಬಿಡುವುದು, ಒತ್ತಕ್ಷರ ಮರೆಯುವುದು, ಈ ಎರಡನ್ನು ಮಾತ್ರ ಎಷ್ಟು ಹೇಳಿದರೂ ಬಿಡಲಿಲ್ಲ. ಐದಾರು ತಿಂಗಳಾಗಿತ್ತು. ಒಂದು ಸಂಜೆ ನನ್ನನ್ನು ಬಿಡಲು ಬಸ್ ಸ್ಟ್ಯಾಂಡಿಗೆ ಬಂದವರು ಎದುರಿಗೆ ನಿಂತ ಬಸ್ಸಿನ ಬೋರ್ಡನ್ನು ನೋಡುತ್ತ ನಿಂತುಬಿಟ್ಟರು. "ಹೊ... ಳೆ... ಹೊ... ನ್ನೂ... ರು" ಎಂದರು. ಮತ್ತೊಮ್ಮೆ ಓದಿದರು. "ನಮ್ಮೂರಿಗೆ ಹೋಗೋ ಬಸ್ಸಮ್ಮ. ಇಷ್ಟು ವರ್ಷ ಬಣ್ಣ ನೋಡಿ ಗುರುತು ಹಿಡೀತಿದ್ದೆ" ಎಂದರು. ನಾನು ಕಲಿಸಿದ ಸಾವಿರಾರು ಮಕ್ಕಳಲ್ಲಿ ಯಾರೂ ನನಗೆ ಅಂಥ ಸಂತೋಷ ಕೊಟ್ಟಿರಲಿಲ್ಲ.

ಅದಾದ ಮೇಲಿನ ಭಾನುವಾರವೊಂದರಲ್ಲಿ ಚರ್ಚಿನ ಸುಗ್ಗಿ ಹಬ್ಬ. ಗೆಳತಿ ಊಟಕ್ಕೆ ಕರೆದಿದ್ದಳು. ಆರಾಧನೆಗೂ ಕೂತೆ. ಅವತ್ತು ಓದಬೇಕಿದ್ದವಳು ಲ್ಯಾಬಿನ ಹುಡುಗಿ. ಬೆಳಿಗ್ಗೆಯೇ ಜ್ವರ ಎಂದು ಫೋನ್ ಮಾಡಿದ್ದಳು. ಹಾಡು ನಡೆಯುತ್ತಿರುವಾಗ ಗೆಳತಿ ನನ್ನ ಮೊಣಕೈ ಹಿಡಿದು, "ನೀನೇ ಓದಿಬಿಡು" ಎಂದಳು.

"ನಾನಾ? ನಾನು ಹೆಂಗೆ?"

"ಎಲ್ಲರಿಗೂ ಕಲಿಸಿದವಳು ನೀನು. ಅಯ್ಯನವರನ್ನ ಕೇಳಿದ್ದೀನಿ."

ಮುಂದೆ ಕೂತಿದ್ದ ಪಾದ್ರಿಗಳ ಕಡೆ ನೋಡಿದೆ. ಅವರು ಒಂದು ಗಳಿಗೆ ಸುಮ್ಮನಿದ್ದು ತಲೆ ಆಡಿಸಿದರು. ಆ ಒಂದು ಗಳಿಗೆಯನ್ನು ನಾನು ಗಮನಿಸಬೇಕಿತ್ತು. ಗಮನಿಸಲಿಲ್ಲ. ಎದ್ದು ಹೋಗಿ ಎರಡು ಮೆಟ್ಟಿಲು ಹತ್ತಿ ಪೀಠದ ಮುಂದೆ ನಿಂತೆ.

ಮಗನನ್ನು ಕಳೆದುಕೊಂಡ ತಂದೆಯೊಬ್ಬ ಗೋಳಾಡುವ ಭಾಗ ಅದು. ಹಳೆಯ ಕನ್ನಡದ ಛಾಯೆಯಿದ್ದ, ಗಟ್ಟಿ ವಾಕ್ಯಗಳು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂದು ನನಗೆ ಗೊತ್ತಿತ್ತು. ಓದುತ್ತ ಹೋದ ಹಾಗೆ ಫ್ಯಾನುಗಳ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಮುಗಿಸಿ ಇಳಿದಾಗ ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಊಟದ ಹೊತ್ತಿಗೆ ಹತ್ತು ಜನ ಬಂದು, "ಹಿಂಗೆ ಓದಿದ್ದು ಕೇಳೇ ಇರಲಿಲ್ಲ ಮೇಡಂ" ಎಂದರು. ಅಜ್ಜಿ ಮಾತ್ರ ಅನ್ನ ಬಡಿಸುತ್ತ ನನ್ನೆಲೆಯ ಹತ್ತಿರ ಬಂದು, "ಇನ್ನೊಂದು ಸ್ವಲ್ಪ ಹಾಕ್ಲಾ?" ಎಂದಷ್ಟೇ ಕೇಳಿ ಮುಂದೆ ಹೋದರು.

ನಿಜ ಹೇಳಬೇಕೆಂದರೆ ನನಗೆ ಅದು ಹಿಡಿಸಿಬಿಟ್ಟಿತು. ಅಷ್ಟು ಜನ ಕೇಳುವವರ ಮುಂದೆ ನಿಂತು ಎರಡು ವರ್ಷದ ಮೇಲಾಗಿತ್ತು. ಮುಂದಿನ ತಿಂಗಳು ಮತ್ತೆ ಯಾರೋ ತಪ್ಪಿಸಿದರು, ನಾನು ಓದಿದೆ. ಆಮೇಲೆ ತಪ್ಪಿಸುವವರು ಹೆಚ್ಚಾದರು. ಮೇಡಂ ಇದ್ದಾರಲ್ಲ ಎಂಬ ಧೈರ್ಯ. ಒಟ್ಟು ಐದು ಭಾನುವಾರ ಓದಿದೆ. ಹಿಂದಿನ ದಿನವೇ ಯಾವ ಸೀರೆ ಉಡಬೇಕೆಂದು ತೆಗೆದಿಡುತ್ತಿದ್ದೆ. ಹಣೆಯ ವಿಭೂತಿಯನ್ನು ಒಮ್ಮೆಯೂ ಅಳಿಸಿಕೊಂಡು ಹೋಗಲಿಲ್ಲ, ಯಾರೂ ಅಳಿಸು ಎನ್ನಲೂ ಇಲ್ಲ. ಅದು ನನ್ನ ದೊಡ್ಡತನ, ಅವರ ದೊಡ್ಡತನ ಎಂದು ಮನಸ್ಸಿನಲ್ಲೇ ಬೀಗುತ್ತಿದ್ದೆ.

ತೊಂದರೆ ಮೊದಲು ಬಂದದ್ದು ನಮ್ಮ ಕಡೆಯಿಂದ. ಲಾಕ್‌ಡೌನ್ ಕಾಲದಿಂದ ಆ ಚರ್ಚಿನವರು ಆರಾಧನೆಯನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುತ್ತಿದ್ದರು. ನನ್ನ ಐದನೇ ಓದಿನ ತುಂಡೊಂದು ಹೇಗೋ ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ಬಂತು. ಮೈದುನ ಫೋನ್ ಮಾಡಿದ. ನನ್ನ ಹತ್ತಿರ ಮಾತಾಡಲಿಲ್ಲ, ಅಣ್ಣನ ಹತ್ತಿರ ಮಾತಾಡಿದ. ಇವರು ಹೂಂ, ಹೂಂ ಎನ್ನುತ್ತ ಕೇಳಿಸಿಕೊಂಡು ಫೋನ್ ಇಟ್ಟು, ಬಹಳ ಹೊತ್ತು ಪೇಪರ್ ಹಿಡಿದು ಕೂತರು.

"ಏನಂತೆ?" ಎಂದೆ.

"ಅತ್ತಿಗೆ ಯಾವಾಗ ಸೇರಿದ್ರು ಅಂತ ಕೇಳ್ದ."

"ನೀವೇನಂದ್ರಿ?"

"ಸೇರಿಲ್ಲ ಅಂದೆ." ಪೇಪರನ್ನು ಮಡಿಸಿದರು. "ನೋಡು, ಪಾಠ ಹೇಳೋಕೆ ಹೋಗ್ತೀಯ ಅಂದ್ಕೊಂಡಿದ್ದೆ. ಅಲ್ಲಿ ಮೇಲೆ ನಿಂತು ಓದ್ತೀಯ ಅಂತ ನನಗೆ ಹೇಳಿರಲಿಲ್ಲ ನೀನು."

"ಹೇಳಬೇಕು ಅನ್ನಿಸಲಿಲ್ಲ. ಓದಿದ್ರಲ್ಲಿ ಏನಿದೆ?"

"ಏನೂ ಇಲ್ದಿದ್ರೆ ನೀನೇ ಹೇಳ್ತಿದ್ದೆ."

ಐದು ಭಾನುವಾರ, ಗೆಳತಿಯ ಮನೆಗೆ ಹೋಗಿ ಬರ್ತೀನಿ ಎಂದಷ್ಟೇ ಹೇಳಿ ಹೊರಟಿದ್ದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ.

ಅದೇ ವಾರ ಗೆಳತಿಯ ಫೋನ್ ಬಂತು. ದನಿಯಲ್ಲಿ ಮಾಮೂಲಿ ತಮಾಷೆ ಇರಲಿಲ್ಲ. ನಾನು ಓದುವ ಬಗ್ಗೆ ಸಭೆಯವರೊಬ್ಬರು ಕಮಿಟಿಗೆ ಪತ್ರ ಕೊಟ್ಟಿದ್ದಾರೆ, ಭಾನುವಾರ ಆರಾಧನೆಯ ನಂತರ ಚರ್ಚೆಯಿದೆ ಎಂದಳು. ಯಾರು ಎಂದು ಕೇಳಿದೆ. ಪಾದ್ರಿಗಳು ಹೆಸರು ಹೇಳಿಲ್ಲ ಎಂದಳು. ಕಾರ್ಯದರ್ಶಿಯೇ ಇರಬೇಕು ಎಂದು ಇಬ್ಬರೂ ತೀರ್ಮಾನ ಮಾಡಿದೆವು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು, ಎಲ್ಲಕ್ಕೂ ನಿಯಮ ಹೇಳುವವರು.

"ನಾನೂ ಬರ್ತೀನಿ. ನನ್ನ ವಿಷಯ ಮಾತಾಡುವಾಗ ನಾನು ಇರಬೇಡವಾ?" ಎಂದೆ.

ಸಿಟ್ಟಿನಲ್ಲೇ ಹೋದೆ. ವರ್ಷವಿಡೀ ಬಿಸಿಲಲ್ಲಿ ಬಸ್ಸು ಹತ್ತಿ ಇಳಿದಿದ್ದೇನೆ, ಒಂದು ಪೈಸೆ ಮುಟ್ಟಿಲ್ಲ, ನೆಂಟರ ಬಾಯಿಗೆ ಬಿದ್ದಿದ್ದೇನೆ. ಈ ಸಭೆಯವರಿಗೆ ಇಷ್ಟೂ ಕೃತಜ್ಞತೆ ಬೇಡವೇ ಎಂದು ದಾರಿಯುದ್ದಕ್ಕೂ ವಾಕ್ಯ ಕಟ್ಟುತ್ತ ಹೋದೆ.

ನಾನು ಪಾಠ ಹೇಳುವ ಹಾಲಿನಲ್ಲೇ ಕಮಿಟಿ ಕೂತಿತ್ತು. ಏಳೆಂಟು ಜನ. ಪಾದ್ರಿಗಳು ಮಧ್ಯವಯಸ್ಸಿನವರು, ಮೃದು ಮಾತಿನವರು. ನನ್ನನ್ನು ಕೂರಿಸಿ, "ನಿಮ್ಮಿಂದ ನಮಗೆ ಆದ ಉಪಕಾರ ದೊಡ್ಡದು ಮೇಡಂ. ಮೊದಲು ಅದನ್ನ ಹೇಳ್ತೀನಿ" ಎಂದರು. ಹಾಗೆ ಶುರುವಾಗುವ ಮಾತು ಎಲ್ಲಿ ಮುಗಿಯುತ್ತದೆಂದು ಮೇಷ್ಟರ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ.

ಆಶ್ಚರ್ಯವೆಂದರೆ ಕಾರ್ಯದರ್ಶಿಗಳು ನನ್ನ ಪರವಾಗಿಯೇ ಮಾತಾಡಿದರು. "ನಮ್ಮ ಕೀಬೋರ್ಡ್ ಹುಡುಗ ಸದಸ್ಯನಲ್ಲ. ಕ್ರಿಸ್‌ಮಸ್‌ಗೆ ಲೈಟ್ ಹಾಕೋನು ಸಾಬರ ಹುಡುಗ. ಸುಗ್ಗಿ ಹಬ್ಬಕ್ಕೆ ಅರ್ಧ ತರಕಾರಿ ಕೊಡೋದು ಮಾರ್ಕೆಟ್‌ನ ಶೆಟ್ಟರು. ಇದಕ್ಕೆಲ್ಲ ಯಾರೂ ಪತ್ರ ಕೊಡಲಿಲ್ಲ" ಎಂದರು.

"ಅದು ಬೇರೆ, ಇದು ಬೇರೆ" ಎಂದರು ಇನ್ನೊಬ್ಬರು. "ಅದು ಕೆಲಸ. ಇದು ಆರಾಧನೆ."

"ಹಾಡೋದು ಆರಾಧನೆ ಅಲ್ವಾ?" ಎಂದಳು ನನ್ನ ಗೆಳತಿ. "ಹಾಡೋಕೆ ಎಲ್ಲರನ್ನೂ ಕರೀತೀವಿ."

ಪಾದ್ರಿಗಳು ತಮ್ಮ ಅಂಜಿಕೆಯನ್ನು ಮುಚ್ಚಿಡಲಿಲ್ಲ. "ಈಗಿನ ಕಾಲ ಹೆಂಗಿದೆ ಅಂತ ನಿಮಗೇ ಗೊತ್ತು. ವಿಭೂತಿ ಹಚ್ಚಿದ ಟೀಚರ್ ನಮ್ಮ ಪೀಠದಲ್ಲಿ ನಿಂತಿರೋ ವಿಡಿಯೋ ಊರೆಲ್ಲ ಓಡಾಡ್ತಿದೆ. ಮರುಳು ಮಾಡಿ ಕರ್ಕೊಂಡು ಬಂದ್ರು ಅಂತ ನಾಳೆ ಯಾರಾದ್ರೂ ಒಂದು ಅರ್ಜಿ ಕೊಟ್ಟರೆ ನಾನು ಸ್ಟೇಷನ್ನಿಗೆ ಹೋಗಬೇಕು. ನಾನು ಹೋಗ್ತೀನಿ, ಚಿಂತೆಯಿಲ್ಲ. ನಿಮ್ಮನ್ನೂ ಕರೆಸ್ತಾರಲ್ಲ."

"ಪತ್ರದಲ್ಲಿರೋದು ಅದೇನಾ?" ಎಂದು ಕೇಳಿದೆ.

"ಅಲ್ಲ" ಎಂದರು. ಮುಂದಿದ್ದ ಫೈಲು ತೆರೆದು, "ಈ ಪತ್ರ ನೀವು ಓದಿದ್ರೆ ಬರೆದವರಿಗೆ ಬೇಸರ ಇಲ್ಲವಂತೆ. ನೋಡಿ" ಎಂದು ಪತ್ರವನ್ನೇ ನನ್ನ ಕೈಗೆ ಕೊಟ್ಟರು.

ಎರಡು ಗೆರೆಯ ಕಾಪಿ ಪುಸ್ತಕದಿಂದ ಹರಿದ ಹಾಳೆ. ಐದಾರು ಸಾಲು. ಟೀಚರಮ್ಮ ಒಳೆಯವರು. ಚೆನಾಗಿ ಓದುತಾರೆ. ಆದರೆ ಅವರು ನಮ್ಮ ಸಭೆಯವರಲ. ಪೀಠದಲ್ಲಿ ಓದುವುದು ಸಭೆಯವರ ಕೆಲಸ. ದಯಮಾಡಿ ಯೋಚನೆ ಮಾಡಿ. ಎಲ್ಲ 'ಮ'ಗಳ ಬಾಲ ಮೇಲಕ್ಕೆ ಹೋಗಿತ್ತು. ನಾಲ್ಕು ಕಡೆ ಒತ್ತಕ್ಷರ ಬಿಟ್ಟಿತ್ತು.

ಅದು ಅಜ್ಜಿ ತಮ್ಮ ಜೀವನದಲ್ಲಿ ಬರೆದ ಮೊದಲ ಪತ್ರ. ಆಮೇಲೆ ಅವರೇ ಹೇಳಿದರು.

ಹಾಳೆಯನ್ನು ಮಡಿಸಿ ವಾಪಸು ಕೊಟ್ಟೆ. ನೀವು ಏನು ತೀರ್ಮಾನ ಮಾಡಿದರೂ ನನಗೆ ಒಪ್ಪಿಗೆ ಎಂದು ಹೇಳಿ ಎದ್ದೆ. ಗೆಳತಿ ಹಿಂದೆಯೇ ಬಂದಳು. ಪತ್ರ ಯಾರದೆಂದು ಅವಳಿಗೆ ಹೇಳಲಿಲ್ಲ. ತಲೆನೋವು ಎಂದು ಹೇಳಿ ಅವಳನ್ನು ಕಳಿಸಿ, ಆಟೋ ಹಿಡಿದು ನೇರ ಅಜ್ಜಿಯ ಮನೆಗೆ ಹೋದೆ.

ಅವರ ಮನೆ ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಸಾಲಿನ ಹಿಂದೆ, ಶೀಟು ಹೊದಿಸಿದ ಎರಡು ಕೋಣೆ. ಬಾಗಿಲು ತೆರೆದೇ ಇತ್ತು. ನನ್ನನ್ನು ನೋಡಿ ಅವರು ಗಾಬರಿಯಾಗಲಿಲ್ಲ. ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು, "ಕೂತ್ಕೊಳಿ, ಕಾಫಿ ಇಡ್ತೀನಿ" ಎಂದರು.

"ಕಾಫಿ ಆಮೇಲೆ. ನನ್ನ ಹತ್ತಿರ ನೇರವಾಗಿ ಹೇಳಬಹುದಿತ್ತಲ್ಲ?"

"ನಿಮ್ಮ ಮುಖ ನೋಡಿದ್ರೆ ನನಗೆ ಹೇಳಕ್ಕೆ ಬಾಯಿ ಬರ್ತಿರಲಿಲ್ಲ. ಅದಕ್ಕೇ ಬರೆದೆ."

"ನಾನೇನು ತಪ್ಪು ಓದಿದ್ನಾ?"

"ಇಲ್ಲ ಕಣಮ್ಮ. ನೀವು ಓದಿದ್ದು ಚಂದ ಇತ್ತು. ಭಾಳ ಚಂದ ಇತ್ತು. ಅದೇ ನನಗೆ ಹೆಂಗೋ ಆಯ್ತು." ಅವರು ಸ್ಟವ್ ಹಚ್ಚಿ, ಹಾಲಿನ ಪಾತ್ರೆ ಇಟ್ಟು, ನನ್ನ ಕಡೆ ತಿರುಗದೆಯೇ ಮಾತಾಡಿದರು.

ಹೊಳೆಹೊನ್ನೂರಿನ ಹತ್ತಿರದ ಹಳ್ಳಿಯವರು. ಹದಿನಾರಕ್ಕೆ ಮದುವೆ. ಗಂಡ ಬೇರೊಬ್ಬಳನ್ನು ಕಟ್ಟಿಕೊಂಡ ಮೇಲೆ ಭದ್ರಾವತಿಗೆ ಬಂದು ಆಯಾ ಕೆಲಸಕ್ಕೆ ಸೇರಿದರು. ಅಲ್ಲಿನ ನರ್ಸ್ ಒಬ್ಬರ ಜೊತೆ ಚರ್ಚಿಗೆ ಹೋಗಲು ಶುರು ಮಾಡಿದರು. ಏಳು ವರ್ಷ ಹಿಂದಿನ ಬೆಂಚಿನಲ್ಲಿ ಕೂತರು. ಗುಡಿಸಿದರು, ಒರೆಸಿದರು, ಹೂವು ಇಟ್ಟರು. ಸೇರು ಎಂದು ಯಾರೂ ಹೇಳಲಿಲ್ಲ. ಏಳು ವರ್ಷದ ಮೇಲೆ ತಾವೇ ಹೋಗಿ ದೀಕ್ಷಾಸ್ನಾನ ಕೊಡಿ ಎಂದು ಕೇಳಿದರು. ಸುದ್ದಿ ಊರು ಮುಟ್ಟಿತು. ಅಣ್ಣ ಒಂದು ಮಾತೂ ಆಡಲಿಲ್ಲ, ಬಾಗಿಲು ಮುಚ್ಚಿದ. ತಾಯಿ ಸತ್ತಾಗ ಬಸ್ಸಿನಲ್ಲಿ ಸಿಕ್ಕ ಊರಿನವರೊಬ್ಬರಿಂದ ಗೊತ್ತಾಯಿತು. ಓಡಿಹೋದರು. ಅಂಗಳದಲ್ಲೇ ಅಣ್ಣ ತಡೆದ. ಪಕ್ಕದ ಮನೆಯ ದನದ ಕೊಟ್ಟಿಗೆಯ ಪಕ್ಕ ನಿಂತು, ತಾಯಿಯನ್ನು ಹೊತ್ತುಕೊಂಡು ಹೋಗುವುದನ್ನು ನೋಡಿ ವಾಪಸು ಬಂದರು.

"ಅವತ್ತಿನಿಂದ ನನಗೆ ಅದೊಂದೇ ಮನೆ ಟೀಚರಮ್ಮ. ನೀವು ಸೋಮವಾರ ನಿಮ್ಮ ದೇವಸ್ಥಾನಕ್ಕೆ ಹೋಗ್ತೀರಿ, ಭಾನುವಾರ ಇಲ್ಲಿಗೂ ಬರ್ತೀರಿ. ಎರಡು ಕಡೇನೂ ನಿಮ್ಮನ್ನ ಬನ್ನಿ ಅಂತಾರೆ. ನನಗೆ ಬಾ ಅಂದಿದ್ದು ಒಂದೇ ಕಡೆ."

ಹಾಲು ಉಕ್ಕಿ ಬಂತು. ಅವರು ಸೆರಗಿನಿಂದ ಪಾತ್ರೆ ಹಿಡಿದು ಇಳಿಸಿದರು.

"ಅಲ್ಲಿ ನಿಂತು ಓದೋರು, ಇದು ನನ್ನದು ಅಂತ ಓದಬೇಕು. ನಿಮಗೆ ಅದು ಚಂದದ ಪಾಠ. ನನಗೆ ಹಂಗಲ್ಲ."

"ನಿಮ್ಮ ಸಭೆಯವರೆಲ್ಲ ನನ್ನದು ಅಂತಲೇ ಓದ್ತಾರಾ? ಅರ್ಥ ಗೊತ್ತಿಲ್ಲದೆ ಓದೋರನ್ನ ನಾನೇ ನೋಡಿದ್ದೀನಿ" ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಅನಿಸುತ್ತದೆ.

"ಅದು ಅವರಿಗೂ ದೇವರಿಗೂ ಬಿಟ್ಟಿದ್ದು. ಅವರು ಲೆಕ್ಕ ಕೊಡಬೇಕು. ನೀವು ಯಾರಿಗೆ ಕೊಡ್ತೀರಿ?"

ಕಾಫಿ ಲೋಟ ನನ್ನ ಕೈಗಿಟ್ಟರು. ಹಾಗಾದರೆ ನಾನು ಬರಲೇಬಾರದಾ ಎಂದು ಕೇಳಿದೆ. ಅವರಿಗೆ ನೋವಾಯಿತು. "ಬರಬೇಡಿ ಅಂತ ಯಾರಂದ್ರು? ಬನ್ನಿ, ಕೂತ್ಕೊಳಿ, ಹಾಡಿ, ನಮ್ಮ ಜೊತೆ ಊಟ ಮಾಡಿ. ನಮಗೆ ಓದು ಕಲಿಸಿ. ಆ ಮೆಟ್ಟಿಲೊಂದು ಹತ್ತಬೇಡಿ" ಎಂದರು.

ಅವತ್ತು ಮನೆಗೆ ಬಂದು ಇವರಿಗೆ ಎಲ್ಲ ಹೇಳಿದೆ. "ಒಳ್ಳೇದೇ ಆಯ್ತು ಬಿಡು. ಅವರೇ ಬೇಡ ಅಂದ್ರಲ್ಲ, ನಮ್ಮ ಕಡೆಯವರಿಗೂ ಸಮಾಧಾನ" ಎಂದರು. ಅಜ್ಜಿಯ ಮಾತಿಗಿಂತ ಆ ಮಾತು ಹೆಚ್ಚು ಚುಚ್ಚಿತು. ಎರಡು ಕಡೆಯವರೂ ನನ್ನನ್ನು ಬೇಲಿಯಿಂದ ಕೆಳಗಿಳಿಸಿ ಸಮಾಧಾನ ಪಡುತ್ತಿದ್ದಾರೆ ಅನಿಸಿತು.

ಆದರೆ ನನ್ನನ್ನು ಮಲಗಗೊಡದೆ ಕಾಡಿದ್ದು ಬೇರೆಯೇ ಒಂದು ನೆನಪು. ನಮ್ಮ ಬಡಾವಣೆಯಲ್ಲಿ ಹೆಂಗಸರ ಒಂದು ಬಳಗವಿದೆ. ಹದಿನೈದು ದಿನಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ವಚನ ಹಾಡುತ್ತೇವೆ. ಹಲವು ವರ್ಷಗಳ ಹಿಂದೆ, ನಮ್ಮ ಬೀದಿಯ ನಾಲ್ಕು ಮನೆಗೆ ಪಾತ್ರೆ ತೊಳೆಯಲು ಬರುತ್ತಿದ್ದ ಹೆಂಗಸೊಬ್ಬಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತ ಕೇಳುತ್ತ ಎಷ್ಟೋ ವಚನ ಬಾಯಿಪಾಠ ಮಾಡಿದ್ದಳು. ಒಳ್ಳೆಯ ದನಿ. ಒಂದು ದಿನ ತಾನೂ ಒಂದು ಹಾಡಿಕೊಡಲಾ ಎಂದು ಕೇಳಿದಳು. ಹಾಡಿಕೊಡುವುದೆಂದರೆ ಮುಂದೆ ಕೂತು ಅವಳು ಹೇಳಬೇಕು, ನಾವು ಹಿಂದಿನಿಂದ ಹೇಳಬೇಕು. ಯಾರೂ ಅವಳಿಗೆ ಇಲ್ಲ ಎನ್ನಲಿಲ್ಲ. ಮುಂದಿನ ಸಲ ಸೇರಿದಾಗ ನಿಯಮವೊಂದನ್ನು ಮಾಡಿದೆವು: ಕೇಳಲು ಯಾರು ಬೇಕಾದರೂ ಬರಬಹುದು, ಹಾಡಿಕೊಡುವವರು ಲಿಂಗ ಕಟ್ಟಿಕೊಂಡವರಾಗಿರಬೇಕು. ಬಳಗದ ಪುಸ್ತಕದಲ್ಲಿ ಅದನ್ನು ಬರೆದವಳು ನಾನು. ಕನ್ನಡ ಟೀಚರ್ ಅಂತ ಬರೆಯುವ ಕೆಲಸ ನನಗೇ ಕೊಟ್ಟಿದ್ದರು. ವಾಕ್ಯ ಚೆನ್ನಾಗಿ ಬಂದಿದೆ ಎಂದು ಹೊಗಳಿಸಿಕೊಂಡಿದ್ದೆ. ಆ ಹೆಂಗಸು ಮುಂದೆಯೂ ಕೆಲಸಕ್ಕೆ ಬಂದಳು. ಬಾಗಿಲಲ್ಲಿ ನಿಂತು ಕೇಳುವುದನ್ನು ಮಾತ್ರ ನಿಲ್ಲಿಸಿದಳು.

ಅಜ್ಜಿಯ ನಿಯಮ, ನಮ್ಮ ನಿಯಮ ಎರಡೂ ಒಂದೇಯಾ? ಕಾಗದದ ಮೇಲೆ ಒಂದೇ. ಅಜ್ಜಿ ತಾಯಿಯ ಕೊನೆಯ ಮುಖದರ್ಶನವನ್ನೇ ಬಿಟ್ಟುಕೊಟ್ಟು ಆ ಪೀಠವನ್ನು ತಮ್ಮದು ಮಾಡಿಕೊಂಡವರು. ನಾವು ಹುಟ್ಟಿದ್ದು ಬಿಟ್ಟರೆ ಏನು ಕೊಟ್ಟಿದ್ದೆವು? ಹಾಗೆಂದು ಯೋಚಿಸಿದರೆ ಅಜ್ಜಿ ಸರಿ, ನಾವು ತಪ್ಪು. ಆದರೆ ಪೀಠದ ಮೇಲೆ ಓದುವ ಹುಡುಗರಲ್ಲೂ ಹೆಚ್ಚಿನವರು ಆ ಸಭೆಯಲ್ಲಿ ಹುಟ್ಟಿದ್ದು ಬಿಟ್ಟು ಏನೂ ಕೊಟ್ಟಿಲ್ಲ. ಅವರಿಗಿಂತ ನಾನು ಯಾವುದರಲ್ಲಿ ಕಡಿಮೆ? ಹೀಗೆ ಸುತ್ತಿ ಸುತ್ತಿ ಶುರುವಾದ ಕಡೆಗೇ ಬರುತ್ತಿದ್ದೆ.

ಕಮಿಟಿಯ ತೀರ್ಮಾನವನ್ನು ಪಾದ್ರಿಗಳೇ ಫೋನಿನಲ್ಲಿ ಹೇಳಿದರು. ಸದಸ್ಯರಲ್ಲದವರು ಎಲ್ಲಕ್ಕೂ ಬರಬಹುದು, ಕೈಜೋಡಿಸಬಹುದು. ಪೀಠದಿಂದ ಓದುವುದು, ಪ್ರಾರ್ಥನೆ ನಡೆಸುವುದು ಸದಸ್ಯರಿಗೆ ಮಾತ್ರ. ತರಗತಿ ಎಂದಿನಂತೆ. ಗೆಳತಿ ಸಿಟ್ಟಾಗಿ ಕಮಿಟಿ ಬಿಡುತ್ತೇನೆ ಎಂದಳು. ಬೇಡ ಎಂದು ಹೇಳಿ ತಡೆದೆ. ಪತ್ರದ ವಿಷಯ ಅವಳಿಗೆ ಹೇಗೋ ಗೊತ್ತಾಗಿ ಕೆಲವು ದಿನ ಅಜ್ಜಿಯ ಜೊತೆ ಮಾತು ಬಿಟ್ಟಿದ್ದಳು.

ತರಗತಿ ಎಂದಿನಂತೆ ನಡೆಯಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಆದರೂ ಹುಡುಗರು ನನ್ನ ಮುಂದೆ ಅಳೆದು ಮಾತಾಡತೊಡಗಿದರು. ತಪ್ಪು ತಿದ್ದಿದರೆ ಮೊದಲು ನಗುತ್ತಿದ್ದವರು ಈಗ ಸಾರಿ ಮೇಡಂ ಎನ್ನುತ್ತಿದ್ದರು. ಪರೀಕ್ಷೆ ಎಂದು ಇಬ್ಬರು ಬಿಟ್ಟರು, ಶಿಫ್ಟ್ ಎಂದು ಒಬ್ಬ. ಕೊನೆಗೆ ಪಾದ್ರಿಗಳು ತುಂಬ ಸಂಕೋಚದಿಂದ, ಹಾಲಿಗೆ ಬಣ್ಣ ಹೊಡೆಸಬೇಕಿದೆ, ಸ್ವಲ್ಪ ದಿನ ತರಗತಿಯನ್ನು ನಿಮ್ಮ ಗೆಳತಿಯ ಮನೆಯಲ್ಲಿ ನಡೆಸಬಹುದಾ ಎಂದು ಕೇಳಿದರು. ಬಣ್ಣ ಹೊಡೆಸಿದ್ದು ನಿಜ. ಆಮೇಲೆ ವಾಪಸು ಬನ್ನಿ ಎಂದು ಯಾರೂ ಹೇಳಲಿಲ್ಲ.

ಅಜ್ಜಿ ಮಾತ್ರ ಒಂದು ಶನಿವಾರವೂ ತಪ್ಪಿಸಲಿಲ್ಲ. ನಾನೂ ಅವರಿಗೆ ಕಲಿಸುವುದನ್ನು ನಿಲ್ಲಿಸಲಿಲ್ಲ. ಹಳೆಯ ಸಲಿಗೆ ಇರಲಿಲ್ಲ, ಆದರೆ ಒಂದು ಬಗೆಯ ಮರ್ಯಾದೆ ಬೆಳೆದಿತ್ತು. ಮಳೆಗಾಲ ಕಳೆದ ಮೇಲೆ ಅವರ ಓದಿನ ಭಾನುವಾರ ಬಂತು. ಎಂಟು ವಾಕ್ಯದ ಪುಟ್ಟ ಪಾಠ. ಒಂದು ತಿಂಗಳು ತಯಾರಿ ಮಾಡಿಸಿದ್ದೆ. ಇವರಿಗೆ ಹೇಳಿಯೇ ಹೋದೆ.

ಹೆಂಗಸರ ಕಡೆಯ ಹಿಂದಿನ ಬೆಂಚಿನಲ್ಲಿ ಕೂತೆ. ಅಜ್ಜಿ ಇಸ್ತ್ರಿ ಮಾಡಿದ ಬಿಳಿ ಸೀರೆಯಲ್ಲಿ ನಿಧಾನವಾಗಿ ನಡೆದುಹೋಗಿ, ಮೆಟ್ಟಿಲು ಹತ್ತುವ ಮೊದಲು ಒಂದು ಕ್ಷಣ ನಿಂತರು. ಹತ್ತಿದರು. ಮೈಕನ್ನು ಯಾರೋ ಬಗ್ಗಿಸಿಕೊಟ್ಟರು. ಬೆರಳಿಟ್ಟು ಓದಲು ಶುರು ಮಾಡಿದರು. ಮೂರು ವಾಕ್ಯ ಚೆನ್ನಾಗಿ ಬಂತು. ನಾಲ್ಕನೆಯದರಲ್ಲಿ ಒಂದು ಉದ್ದದ ಪದ, ಎರಡು ಒತ್ತಕ್ಷರದ್ದು. ನಿಂತರು. ಮೊದಲಿಂದ ಹಿಡಿದರು, ಮತ್ತೆ ಅಲ್ಲೇ ನಿಂತರು. ಚರ್ಚು ಪೂರ್ತಿ ಕಾಯುತ್ತಿತ್ತು. ಅವರು ತಲೆಯೆತ್ತಿ ಅಷ್ಟು ಜನರ ನಡುವೆ ಹುಡುಕಿ ನನ್ನನ್ನು ನೋಡಿದರು.

ಪದ ನನ್ನ ನಾಲಿಗೆಯ ಮೇಲಿತ್ತು. ಮೆಲ್ಲಗೆ ಹೇಳಿದರೂ ಆ ನಿಶ್ಶಬ್ದದಲ್ಲಿ ಅವರಿಗೆ ಕೇಳುತ್ತಿತ್ತು, ಉಳಿದವರಿಗೂ ಕೇಳುತ್ತಿತ್ತು. ನಾನು ತಲೆ ತಗ್ಗಿಸಿದೆ. ಅವರು ಇನ್ನೂ ಸ್ವಲ್ಪ ಹೊತ್ತು ತಡೆದು, ಆ ಪದವನ್ನು ಹೇಗೋ ತಪ್ಪಾಗಿ ಹೇಳಿ ಮುಂದೆ ಓದಿದರು. ಆದರೆ ದನಿ ಕುಂದಿತ್ತು. ಉಳಿದ ವಾಕ್ಯಗಳು ಅವಸರದಲ್ಲಿ ಮುಗಿದವು.

ಹೊರಗೆ ಚಪ್ಪಲಿ ಬಿಟ್ಟಿದ್ದ ಕಡೆ ಅವರು ನನಗಾಗಿ ಕಾಯುತ್ತಿದ್ದರು. ಚೆನ್ನಾಗಿ ಓದಿದ್ರಿ ಎಂದೆ.

"ಯಾಕೆ ತಲೆ ತಗ್ಗಿಸಿದ್ರಿ?" ಎಂದರು. "ಹೇಳಬಹುದಿತ್ತು."

"ನೀವೇ ಬೇಡ ಅಂದಿದ್ರಲ್ಲ."

"ನೀವು ಓದಬೇಡಿ ಅಂದೆ. ನನಗೆ ಹೇಳಿಕೊಡಬೇಡಿ ಅಂದ್ನಾ?"

ಅವರ ಕಣ್ಣಲ್ಲಿ ನೀರಿತ್ತು. ನಾನು ನಿಯಮ ಪಾಲಿಸಿದೆನೋ, ಸೇಡು ತೀರಿಸಿಕೊಂಡೆನೋ, ಈಗಲೂ ಖಚಿತವಾಗಿ ಹೇಳಲಾರೆ. ತಲೆ ತಗ್ಗಿಸಿದ ಆ ಗಳಿಗೆಯಲ್ಲಿ ನನ್ನೊಳಗೆ ಎಲ್ಲೋ ಒಂದು ಕಡೆ, ಈಗ ಗೊತ್ತಾಯಿತಾ ಎಂಬ ಮಾತು ಎದ್ದದ್ದು ನಿಜ. ಅದನ್ನು ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ತಪ್ಪಾಯಿತು ಎಂದಷ್ಟೇ ಹೇಳಿದೆ. ಅವರು ನನ್ನ ಕೈ ಹಿಡಿದು ಅಮುಕಿ ಬಿಟ್ಟರು.

ಆ ತಿಂಗಳು ನಮ್ಮ ಬಳಗ ಸೇರಿದಾಗ ನಾನು ಹಳೆಯ ಪುಸ್ತಕ ತೆಗೆಸಿ, ಆ ನಿಯಮವನ್ನು ತೆಗೆದುಹಾಕೋಣ ಎಂದೆ. ಹೆಚ್ಚಿನವರಿಗೆ ಹಾಗೊಂದು ನಿಯಮ ಇದ್ದದ್ದೇ ಮರೆತುಹೋಗಿತ್ತು. "ಈಗ್ಯಾಕೆ ಅದೆಲ್ಲ? ಆಕೆ ಬಿಟ್ಟು ಹೋಗಿ ಎಷ್ಟು ವರ್ಷ ಆಯ್ತು" ಎಂದರು ಒಬ್ಬರು. "ತೆಗೆದ್ರೆ ನಾಳೆ ಯಾರ್ಯಾರೋ ಬಂದು ಕೂತ್ಕೋತಾರೆ" ಎಂದರು ಇನ್ನೊಬ್ಬರು. ಯಾರೋ ಕೇಸರಿಬಾತ್ ತಟ್ಟೆ ತಂದರು, ಮಾತು ಬೇರೆ ಕಡೆ ಹೋಯಿತು. ನಾನು ಹಟ ಹಿಡಿಯಲಿಲ್ಲ. ಹಟ ಹಿಡಿಯಲು ಬೇಕಾದ ನಂಬಿಕೆ ನನ್ನಲ್ಲೇ ಪೂರ್ತಿ ಇರಲಿಲ್ಲ. ಆ ಹೆಂಗಸಿನ ಮನೆ ಹುಡುಕಿಕೊಂಡು ಎರಡು ಸಲ ಹೋದೆ. ಮಗಳ ಜೊತೆ ದಾವಣಗೆರೆ ಕಡೆ ಹೋದಳು ಎಂದರು. ನಂಬರು ಯಾರ ಹತ್ತಿರವೂ ಇರಲಿಲ್ಲ.

ಈಗಲೂ ಶನಿವಾರ ಭದ್ರಾವತಿಗೆ ಹೋಗುತ್ತೇನೆ. ಗೆಳತಿಯ ಮನೆಯ ಊಟದ ಮೇಜಿನ ಸುತ್ತ ಮೂರೇ ಜನ. ಅಜ್ಜಿಯೂ ಅವಳೂ ಮಾತಾಡುವ ಹಾಗಾಗಿದ್ದಾರೆ. ಅಜ್ಜಿ ಈಗ ಪೇಪರ್ ಓದುತ್ತಾರೆ, ಮರಣದ ಸುದ್ದಿಯ ಪುಟ ಮೊದಲು. ಇನ್ನೊಂದು ಭಾನುವಾರ ಓದುತ್ತೀರಾ ಎಂದು ಪಾದ್ರಿಗಳು ಕೇಳಿದರಂತೆ, ನೋಡೋಣ ಎಂದಿದ್ದಾರೆ. ಭಾನುವಾರ ನಾನು ಹೋಗುವುದಿಲ್ಲ. ಹೋಗಬಾರದೆಂದೇನೂ ಇಲ್ಲ. ಸುಗ್ಗಿ ಹಬ್ಬಕ್ಕೆ ಬರಲೇಬೇಕು ಎಂದು ಈ ಸಲವೂ ಕರೆದಿದ್ದಾರೆ. ನೀವೂ ಬರ್ತೀರಾ ಎಂದು ಇವರನ್ನು ಕೇಳಿದೆ. "ನಾನೂ ಬರಬಹುದಾ?" ಎಂದರು ಇವರು. ಕೇಳಿ ಹೇಳ್ತೀನಿ ಎಂದೆ.